ಹಲ್ಲುಹಲ್ಲಾದ ಉಷ್ಣ ಪ್ರವಾಹ: ವಿಲೋಮ ಉಷ್ಣವಹನದ ಲೆಕ್ಕದಲ್ಲಿ ದೋಷ ಹುಡುಕುವ ಬಗೆ

ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿಗೋ ಎಣ್ಣೆಗೋ ಮುಳುಗಿಸಿದಾಗ ಅದರ ಮೇಲ್ಮೈಯಿಂದ ಕ್ಷಣಕ್ಷಣಕ್ಕೂ ಎಷ್ಟು ಶಾಖ ಹೊರಬೀಳುತ್ತದೆ ಎಂಬುದನ್ನು ನೇರವಾಗಿ ಅಳೆಯುವುದು ಕಷ್ಟ. ಮೇಲ್ಮೈಗೆ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳನ್ನು ಜೋಡಿಸಿದ ತಾಪಮಾಪಕ) ಬೆಸೆದರೆ ಆ ಜಾಗದಲ್ಲಿ ದ್ರವ ಕುದಿಯುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಮೇಲ್ಮೈಯಿಂದ ಒಂದೆರಡು ಮಿಲಿಮೀಟರ್ ಒಳಗೆ ಥರ್ಮೋಕಪಲ್ ಇಟ್ಟು, ಅಲ್ಲಿನ ತಾಪಮಾನದ ದಾಖಲೆಯಿಂದ ಮೇಲ್ಮೈಯ ಉಷ್ಣ ಪ್ರವಾಹವನ್ನು ಲೆಕ್ಕ ಹಾಕುತ್ತೇವೆ. ಪರಿಣಾಮದಿಂದ ಕಾರಣದ ಕಡೆಗೆ ನಡೆಯುವ ಈ ಲೆಕ್ಕವೇ ವಿಲೋಮ ಉಷ್ಣವಹನ ಸಮಸ್ಯೆ.

ಈ ಲೆಕ್ಕವನ್ನು ಮೊದಲಿನಿಂದ ಕಲಿಸುವುದು ಇಲ್ಲಿನ ಉದ್ದೇಶವಲ್ಲ. ಪ್ರೋಗ್ರಾಂ ಓಡಿದೆ, ರೇಖಾಚಿತ್ರವೂ ಬಂದಿದೆ, ಆದರೆ ಅದನ್ನು ನಂಬಲು ಮನಸ್ಸು ಒಪ್ಪುತ್ತಿಲ್ಲ ಎನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಒತ್ತಾಯ ಒಂದೇ: ರೆಗ್ಯುಲರೈಸೇಶನ್ ಗುಣಾಂಕಕ್ಕೆ (ಉತ್ತರದ ರೇಖೆಯನ್ನು ಎಷ್ಟು ನುಣುಪಾಗಿಸಬೇಕೆಂದು ಹೇಳುವ ಸಂಖ್ಯೆಗೆ) ಎಲ್ಲಕ್ಕಿಂತ ಕೊನೆಗೆ ಕೈ ಹಾಕಿ. ಅದನ್ನು ಸಾಕಷ್ಟು ಏರಿಸಿದರೆ ಎಂಥ ರೇಖೆಯೂ ನುಣುಪಾಗುತ್ತದೆ. ಸಡಿಲವಾಗಿ ಕೂತ ಥರ್ಮೋಕಪಲ್, ತಪ್ಪಾಗಿ ನಮೂದಿಸಿದ ಆಳ, ವಿದ್ಯುತ್ ಜಾಲದ ಗದ್ದಲ ಎಲ್ಲವೂ ಆ ನುಣುಪಿನ ಅಡಿಯಲ್ಲಿ ಮರೆಯಾಗುತ್ತವೆ, ಮತ್ತು ಮರೆಯಾದ ದೋಷ ವರದಿಯಲ್ಲಿ ಅಚ್ಚಾಗುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸಿಲಿಂಡರ್, ವ್ಯಾಸ 25 ಮಿಲಿಮೀಟರ್, ಉದ್ದ 100 ಮಿಲಿಮೀಟರ್. ಮೇಲ್ಮೈಯಿಂದ 2 ಮಿಲಿಮೀಟರ್ ಒಳಗೆ ಒಂದು ಕೆ ಮಾದರಿಯ ಥರ್ಮೋಕಪಲ್, ನಟ್ಟನಡುವೆ ಇನ್ನೊಂದು. 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಇಳಿಸುತ್ತೇವೆ. ಅಂದಾಜಿಗೆ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 16 ವ್ಯಾಟ್, ಉಷ್ಣ ವಿಸರಣಾಂಕ (ತಾಪಮಾನದ ಬದಲಾವಣೆ ವಸ್ತುವಿನಲ್ಲಿ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಸೆಕೆಂಡಿಗೆ 4 ಚದರ ಮಿಲಿಮೀಟರ್ ಎಂದುಕೊಳ್ಳೋಣ. ಆಳದ ವರ್ಗವನ್ನು ವಿಸರಣಾಂಕದಿಂದ ಭಾಗಿಸಿದರೆ ಸಿಗುವುದು ಸರಿಯಾಗಿ 1 ಸೆಕೆಂಡ್. ಮೇಲ್ಮೈಯ ಸುದ್ದಿ ಥರ್ಮೋಕಪಲ್‌ಗೆ ತಲುಪಲು ಹಿಡಿಯುವ ಕಾಲದ ಅಳತೆ ಇದು. ನಿಮ್ಮ ಪ್ರಯೋಗಕ್ಕೂ ಈ ಒಂದು ಸಂಖ್ಯೆಯನ್ನು ಲೆಕ್ಕ ಹಾಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಪದೇ ಪದೇ ಬೇಕಾಗುತ್ತದೆ.

ಪ್ರವಾಹದ ರೇಖೆ ಗರಗಸದ ಹಲ್ಲಿನಂತಾಗಿದೆ

ಎಲ್ಲರೂ ಮೊದಲು ಎದುರಿಸುವ ದೋಷ ಇದು. ಲೆಕ್ಕದ ಒಂದು ಕಾಲಹೆಜ್ಜೆಯಲ್ಲಿ ಪ್ರವಾಹ ಮೇಲಕ್ಕೆ, ಮರುಹೆಜ್ಜೆಯಲ್ಲಿ ಕೆಳಕ್ಕೆ, ಮುಂದೆ ಹೋದಂತೆ ಏರಿಳಿತ ಬೆಳೆಯುತ್ತಲೇ ಇರುತ್ತದೆ. ಕಾದ ಲೋಹಕ್ಕೆ ತಣ್ಣೀರು ಶಾಖ ಕೊಡುತ್ತಿದೆ ಎಂದೂ ಲೆಕ್ಕ ಹೇಳುತ್ತದೆ.

ವಿಲೋಮದ ಲೆಕ್ಕವನ್ನು ಬೈಯುವ ಮೊದಲು ನೇರ ಸಮಸ್ಯೆಯನ್ನು ಪರೀಕ್ಷಿಸಿ. ಅಂದರೆ ಗೊತ್ತಿರುವ ಪ್ರವಾಹವನ್ನು ಕೊಟ್ಟು ತಾಪಮಾನವನ್ನು ಲೆಕ್ಕ ಹಾಕುವ ಭಾಗವನ್ನು ಒಂಟಿಯಾಗಿ ಓಡಿಸಿ. ಪ್ರವಾಹ ಒಮ್ಮೆಲೇ ಏರಿದಾಗ ಹೆಜ್ಜೆಯ ಆರಂಭ ಮತ್ತು ಅಂತ್ಯದ ತಾಪಮಾನಗಳ ಸರಾಸರಿ ಬಳಸುವ ಕ್ರ್ಯಾಂಕ್-ನಿಕೋಲ್ಸನ್ ವಿಧಾನ ಸಿಡಿದುಹೋಗುವುದಿಲ್ಲ, ಆದರೆ ದೊಡ್ಡ ಕಾಲಹೆಜ್ಜೆಯಲ್ಲಿ ಮೇಲ್ಮೈಯ ಹತ್ತಿರ ನಡುಗುತ್ತದೆ. ಆ ನಡುಕ ವಿಲೋಮದ ಲೆಕ್ಕಕ್ಕೆ ಸೇರಿದರೆ ಅದರ ಮೂಲವನ್ನು ಕಂಡುಹಿಡಿಯುವುದು ಪ್ರಯಾಸ. ಮೊದಲ ಕೆಲವು ಹೆಜ್ಜೆಗಳನ್ನು ಪೂರ್ಣ ಇಂಪ್ಲಿಸಿಟ್ ವಿಧಾನದಲ್ಲಿ (ಹೆಜ್ಜೆಯ ಅಂತ್ಯದ ತಾಪಮಾನವನ್ನೇ ಬಳಸಿ) ನಡೆಸಿದರೆ ನಡುಕ ನಿಲ್ಲುತ್ತದೆ. ಎಕ್ಸ್‌ಪ್ಲಿಸಿಟ್ ವಿಧಾನ (ಹೆಜ್ಜೆಯ ಆರಂಭದ ತಾಪಮಾನದಿಂದಲೇ ಮುಂದಿನದನ್ನು ತೆಗೆಯುವುದು) ಬಳಸುವವರಿಗೆ ಬೇರೆಯದೇ ಮಿತಿ ಇದೆ: ಜಾಲರಿಯ ಅಂತರ 0.1 ಮಿಲಿಮೀಟರ್ ಆದರೆ ನಮ್ಮ ಉದಾಹರಣೆಯಲ್ಲಿ ಕಾಲಹೆಜ್ಜೆ 0.00125 ಸೆಕೆಂಡನ್ನು ಮೀರುವಂತಿಲ್ಲ.

ನೇರ ಸಮಸ್ಯೆ ಸರಿಯಾಗಿದ್ದೂ ಹಲ್ಲು ಉಳಿದರೆ ಸಮಸ್ಯೆಯ ಸ್ವಭಾವವೇ ಕಾರಣ. ವಾಹಕ ವಸ್ತು ವೇಗದ ಏರಿಳಿತವನ್ನು ನುಂಗಿಹಾಕುತ್ತದೆ. ನಮ್ಮ ಸಿಲಿಂಡರಿನಲ್ಲಿ ಮೇಲ್ಮೈ ತಾಪಮಾನ ಸೆಕೆಂಡಿಗೆ 1 ಬಾರಿ ಏರಿಳಿದರೆ 2 ಮಿಲಿಮೀಟರ್ ಒಳಗೆ ಅದರ ಸುಮಾರು ಆರನೇ ಒಂದು ಪಾಲು ಕಾಣುತ್ತದೆ. ಸೆಕೆಂಡಿಗೆ 10 ಬಾರಿ ಆದರೆ 270ನೇ ಒಂದು ಪಾಲು. ವಿಲೋಮದ ಲೆಕ್ಕ ಇದನ್ನೇ ತಿರುಗಿಸುತ್ತದೆ: ಒಳಗಿನ ದಾಖಲೆಯಲ್ಲಿರುವ ವೇಗದ ಏರಿಳಿತವನ್ನೆಲ್ಲ ನೂರಾರು ಪಟ್ಟು ಹಿಗ್ಗಿಸಿ ಮೇಲ್ಮೈಗೆ ಹಚ್ಚುತ್ತದೆ. ದಾಖಲೆಯಲ್ಲಿದ್ದದ್ದು ಬರಿಯ ಗದ್ದಲವಾಗಿದ್ದರೆ ಹಿಗ್ಗುವುದೂ ಗದ್ದಲವೇ. ಸಣ್ಣ ದೋಷಕ್ಕೆ ಉತ್ತರವೂ ಸಣ್ಣದಾಗಿಯೇ ಅಲುಗಬೇಕು ಎಂಬ ಗಣಿತಜ್ಞ ಹಡಮಾರ್ ಅವರ ಷರತ್ತನ್ನು ಈ ಸಮಸ್ಯೆ ಪಾಲಿಸುವುದಿಲ್ಲ.

ಸ್ಟೋಲ್ಜ್ ಅವರು 1960ರಲ್ಲಿ ಪ್ರಕಟಿಸಿದ ವಿಧಾನ ಪ್ರತಿ ಹೆಜ್ಜೆಯಲ್ಲೂ ಅಳೆದ ತಾಪಮಾನಕ್ಕೆ ಲೆಕ್ಕದ ತಾಪಮಾನವನ್ನು ನಿಖರವಾಗಿ ಹೊಂದಿಸುತ್ತದೆ. ಕಾಲಹೆಜ್ಜೆ ಚಿಕ್ಕದಾದರೆ ಏನಾಗುತ್ತದೆ ನೋಡಿ. ಅಳತೆಯಲ್ಲಿ 0.1 ಡಿಗ್ರಿ ದೋಷವಿದೆ, ಹೆಜ್ಜೆ 0.1 ಸೆಕೆಂಡ್ ಎಂದಿಟ್ಟುಕೊಳ್ಳಿ. ಅಷ್ಟು ಕಡಿಮೆ ಕಾಲದಲ್ಲಿ ಮೇಲ್ಮೈಯ ಸುದ್ದಿ ಥರ್ಮೋಕಪಲ್‌ಗೆ ತಲುಪುವುದೇ ಅಪರೂಪ. ಹಾಗಾಗಿ ಆ 0.1 ಡಿಗ್ರಿಯನ್ನು ವಿವರಿಸಲು ಲೆಕ್ಕ ಚದರ ಮೀಟರಿಗೆ ಸುಮಾರು 2 ಲಕ್ಷ ವ್ಯಾಟ್ ಪ್ರವಾಹವನ್ನು ಹುಟ್ಟಿಸುತ್ತದೆ. ಮರುಹೆಜ್ಜೆಯಲ್ಲಿ ಅದನ್ನು ಸರಿದೂಗಿಸಲು ಸುಮಾರು 7 ಪಟ್ಟು ದೊಡ್ಡ, ವಿರುದ್ಧ ಚಿಹ್ನೆಯ ಪ್ರವಾಹ ಬೇಕಾಗುತ್ತದೆ: 14 ಲಕ್ಷ ವ್ಯಾಟ್. ಹಲ್ಲುಗಳು ಹುಟ್ಟುವುದು ಹೀಗೆ. ಹೆಜ್ಜೆಯನ್ನು 1 ಸೆಕೆಂಡಿಗೆ ಏರಿಸಿದರೆ ಆ 7 ಪಟ್ಟು ಇಳಿದು ಸುಮಾರು 1 ಆಗುತ್ತದೆ. ಕಾಲಹೆಜ್ಜೆ ಚಿಕ್ಕದಾದಷ್ಟೂ ಉತ್ತರ ನಿಖರ ಎಂಬ ನೇರ ಸಮಸ್ಯೆಯ ಪಾಠ ಇಲ್ಲಿ ತಲೆಕೆಳಗಾಗುತ್ತದೆ.

1 ಸೆಕೆಂಡಿನ ಹೆಜ್ಜೆಯಿಂದ ಕುದಿತವನ್ನು ಹಿಡಿಯಲಾಗದು ಎನ್ನುವುದೂ ನಿಜ. ಅದಕ್ಕೆ ಜೇಮ್ಸ್ ಬೆಕ್ ಅವರು ತೋರಿದ ದಾರಿ ಇದೆ: ಈಗಿನ ಪ್ರವಾಹವನ್ನು ನಿರ್ಧರಿಸಲು ಮುಂದಿನ ಕೆಲವು ಹೆಜ್ಜೆಗಳ ಅಳತೆಯನ್ನೂ ಸೇರಿಸಿಕೊಳ್ಳುವುದು, ಅಷ್ಟು ಹೊತ್ತು ಪ್ರವಾಹ ಬದಲಾಗುವುದಿಲ್ಲವೆಂದು ತಾತ್ಕಾಲಿಕವಾಗಿ ಒಪ್ಪಿಕೊಳ್ಳುವುದು, ಕನಿಷ್ಠ ವರ್ಗಗಳ ವಿಧಾನದಿಂದ ಒಂದೇ ಮೌಲ್ಯ ತೆಗೆದು ಒಂದು ಹೆಜ್ಜೆ ಮಾತ್ರ ಮುಂದೆ ಸಾಗುವುದು. 0.1 ಸೆಕೆಂಡಿನ ಹೆಜ್ಜೆಯಲ್ಲೇ 5 ಅಳತೆಗಳನ್ನು ಒಟ್ಟಿಗೆ ಬಳಸಿದರೆ ಆ 2 ಲಕ್ಷ ವ್ಯಾಟಿನ ದೋಷ 4 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ತೆರಬೇಕಾದ ಬೆಲೆಯೂ ಇದೆ: ಅರ್ಧ ಸೆಕೆಂಡಿಗಿಂತ ಚುರುಕಾದ ಬದಲಾವಣೆಗಳು ಕದಡಿಹೋಗುತ್ತವೆ. 2ರಿಂದ ಶುರುಮಾಡಿ ಒಂದೊಂದಾಗಿ ಏರಿಸಿ, ಹಲ್ಲು ಮಾಯವಾದ ಕೂಡಲೇ ನಿಲ್ಲಿಸಿ.

ರೇಖೆ ನುಣುಪಾಗಿದೆ, ಆದರೆ ಶಿಖರ ತಗ್ಗಿದೆ

ಹಲ್ಲಿಗೆ ಹೆದರಿ ಟಿಖೊನೊವ್ ವಿಧಾನದ (ದೊಡ್ಡ ಇಲ್ಲವೇ ಒರಟು ಉತ್ತರಕ್ಕೆ ದಂಡ ಹಾಕುವ ರೆಗ್ಯುಲರೈಸೇಶನ್) ಗುಣಾಂಕವನ್ನು ಹತ್ತಾರು ಪಟ್ಟು ಏರಿಸಿದವರಿಗೆ ಬರುವ ದೋಷ. ಪ್ರವಾಹದ ಗಾತ್ರಕ್ಕೇ ದಂಡ ಹಾಕಿದ್ದರೆ ರೇಖೆ ಸೊನ್ನೆಯ ಕಡೆಗೆ ಕುಸಿಯುತ್ತದೆ. ಪಕ್ಕಪಕ್ಕದ ಮೌಲ್ಯಗಳ ವ್ಯತ್ಯಾಸಕ್ಕೆ ದಂಡ ಹಾಕಿದ್ದರೆ ಶಿಖರ ಚಪ್ಪಟೆಯಾಗಿ ಅಗಲವಾಗುತ್ತದೆ.

ಎಷ್ಟು ಸಾಕು ಎನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ಸಿಲಿಂಡರನ್ನು ಕುಲುಮೆಯಲ್ಲಿ ಸ್ಥಿರ ತಾಪಮಾನದಲ್ಲಿಟ್ಟು ಒಂದೆರಡು ನಿಮಿಷ ದಾಖಲಿಸಿ, ಆ ಅಳತೆಗಳ ಪ್ರಮಾಣ ವಿಚಲನೆ ತೆಗೆಯಿರಿ. ಅದೇ ನಿಮ್ಮ ಗದ್ದಲದ ಮಟ್ಟ. ವಿಲೋಮದ ಲೆಕ್ಕ ಮುಗಿದ ಮೇಲೆ ಅಳೆದ ತಾಪಮಾನಕ್ಕೂ ಲೆಕ್ಕದ ತಾಪಮಾನಕ್ಕೂ ಉಳಿಯುವ ಶೇಷದ ವರ್ಗಮಾಧ್ಯ ಮೂಲ ಈ ಮಟ್ಟಕ್ಕೆ ಸಮನಾಗಿರಬೇಕು ಎನ್ನುವುದು ಮೊರೊಜೊವ್ ಅವರ ನಿಯಮ. ಶೇಷ ಗದ್ದಲಕ್ಕಿಂತ ಬಹಳ ಕಡಿಮೆಯಿದ್ದರೆ ನೀವು ಗದ್ದಲಕ್ಕೇ ರೇಖೆ ಹೊಂದಿಸುತ್ತಿದ್ದೀರಿ. ಬಹಳ ಹೆಚ್ಚಿದ್ದರೆ ನುಣುಪು ಅತಿಯಾಗಿದೆ, ಇಲ್ಲವೇ ಮಾದರಿಯೇ ತಪ್ಪು. ಈ ಎರಡನ್ನು ಬೇರ್ಪಡಿಸಲು ಶೇಷವನ್ನು ಕಾಲದ ಎದುರು ಬಿಡಿಸಿ ನೋಡಿ. ಶಿಖರದ ಜಾಗದಲ್ಲಿ ಮಾತ್ರ ಉಬ್ಬು ಇದ್ದು, ಗುಣಾಂಕ ಇಳಿಸಿದಾಗ ಅದು ಕರಗಿದರೆ ಅತಿ ನುಣುಪೇ ಕಾರಣ.

ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಕೃತಕ ದತ್ತಾಂಶ ಬಳಸುವುದು ಒಳ್ಳೆಯ ರೂಢಿ. ತ್ರಿಕೋನಾಕಾರದ ಪ್ರವಾಹವನ್ನು ಕೊಟ್ಟು ತಾಪಮಾನ ತೆಗೆದು, 0.1 ಡಿಗ್ರಿ ಗದ್ದಲ ಸೇರಿಸಿ, ತಿರುಗಿಸಿ ಪ್ರವಾಹ ಪಡೆಯಿರಿ. ಶಿಖರ ಎಷ್ಟು ತಗ್ಗಿತು ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ದತ್ತಾಂಶವನ್ನು ಹುಟ್ಟಿಸುವ ಜಾಲರಿ ಮತ್ತು ಕಾಲಹೆಜ್ಜೆ ವಿಲೋಮದ ಲೆಕ್ಕದ್ದಕ್ಕಿಂತ ಸೂಕ್ಷ್ಮವಾಗಿ, ಬೇರೆಯಾಗಿ ಇರಲೇಬೇಕು. ಎರಡಕ್ಕೂ ಒಂದೇ ಜಾಲರಿ ಬಳಸಿ, ಗದ್ದಲವನ್ನೂ ಸೇರಿಸದೆ, ಉತ್ತರ ಹೂಬೇಹೂಬು ಬಂತು ಎಂದು ಬೀಗುವ ಪ್ರಬಂಧಗಳಿಗೆ ಈಗಲೂ ಬರವಿಲ್ಲ. ಪ್ರಶ್ನೆಪತ್ರಿಕೆ ಬರೆದವರೇ ಪರೀಕ್ಷೆಯನ್ನೂ ಬರೆದಂತೆ ಅದು.

ಎಲ್ಲ ಸರಿಯಿದೆ, ಶೇಷವೂ ಚಿಕ್ಕದು, ಆದರೂ ಉತ್ತರ ತಪ್ಪು

ದೋಷಗಳಲ್ಲಿ ಅತಿ ಕೆಟ್ಟದ್ದು ಇದು, ಏಕೆಂದರೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಒಂದೇ ಥರ್ಮೋಕಪಲ್ ಇದ್ದಾಗ ಪ್ರವಾಹವನ್ನು ಬೇಕಾದಂತೆ ಬಗ್ಗಿಸುವ ಸ್ವಾತಂತ್ರ್ಯ ಲೆಕ್ಕಕ್ಕಿರುತ್ತದೆ. ಆಳ ತಪ್ಪಾಗಿದ್ದರೂ, ವಾಹಕತೆ ತಪ್ಪಾಗಿದ್ದರೂ ಆ ದಾಖಲೆಗೆ ಚೆನ್ನಾಗಿ ಹೊಂದುವ ಯಾವುದೋ ಒಂದು ಪ್ರವಾಹ ಸಿಕ್ಕೇ ಸಿಗುತ್ತದೆ. ಶೇಷ ಚಿಕ್ಕದಾಗಿದೆ ಎಂಬುದು ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಅದಕ್ಕೇ ನಡುವಿನ ಎರಡನೇ ಥರ್ಮೋಕಪಲ್. 2 ಮಿಲಿಮೀಟರ್ ಆಳದ ದಾಖಲೆಯಿಂದ ಮಾತ್ರ ಪ್ರವಾಹ ತೆಗೆಯಿರಿ, ಆ ಪ್ರವಾಹದಿಂದ ನಡುವಿನ ತಾಪಮಾನವನ್ನು ಮುನ್ನುಡಿಯಿರಿ, ಅಳೆದದ್ದರ ಜೊತೆ ಹೋಲಿಸಿ. ಎರಡೂ ತಾಳೆಯಾದರೆ ನೆಮ್ಮದಿಯಿಂದ ಮುಂದೆ ಹೋಗಬಹುದು. ಆಗದಿದ್ದರೆ ಸಂಶಯ ಪಡಬೇಕಾದವು ಇವು.

ಮೊದಲನೆಯದು ಆಳ. ಸಣ್ಣ ವ್ಯಾಸದ ಉದ್ದ ರಂಧ್ರ ಕೊರೆಯುವಾಗ ಡ್ರಿಲ್ ಬಿಟ್ ಪಕ್ಕಕ್ಕೆ ವಾಲುತ್ತದೆ. ನಕ್ಷೆಯಲ್ಲಿ 2 ಎಂದಿದ್ದರೂ ತುದಿಯಲ್ಲಿ 2.3 ಆಗಿರಬಹುದು. ಚದರ ಮೀಟರಿಗೆ 10 ಲಕ್ಷ ವ್ಯಾಟ್ ಹರಿಯುವಾಗ ಈ ಉಕ್ಕಿನೊಳಗೆ ಮಿಲಿಮೀಟರಿಗೆ 60 ಡಿಗ್ರಿಗೂ ಹೆಚ್ಚು ಏರುಪೇರಿರುತ್ತದೆ, 0.3 ಮಿಲಿಮೀಟರ್ ತಪ್ಪಿಗೆ ಸುಮಾರು 19 ಡಿಗ್ರಿ ದೋಷ. ಇದರ ಮುಂದೆ 0.1 ಡಿಗ್ರಿ ಗದ್ದಲ ಲೆಕ್ಕಕ್ಕೇ ಇಲ್ಲ. ಥರ್ಮೋಕಪಲ್ ನಮೂದಿಸಿದ್ದಕ್ಕಿಂತ ಆಳದಲ್ಲಿದ್ದರೆ ಶಿಖರ ತಗ್ಗಿ ತಡವಾಗಿ ಬರುತ್ತದೆ. ಮೇಲ್ಮೈಗೆ ಹತ್ತಿರದಲ್ಲಿದ್ದರೆ ಶಿಖರ ಉಬ್ಬಿ ಬೇಗ ಬರುತ್ತದೆ. ಎಕ್ಸ್‌ರೇ ಚಿತ್ರ ತೆಗೆಯುವ ಅನುಕೂಲವಿಲ್ಲದವರು ಪ್ರಯೋಗಗಳ ಸರಣಿ ಮುಗಿದ ಮೇಲೆ ಸಿಲಿಂಡರನ್ನು ಕೊಯ್ದು ಅಳೆಯಲಿ. ಆ ಸಂಖ್ಯೆಯನ್ನು ಹಾಕಿ ಮತ್ತೆ ಲೆಕ್ಕ ಮಾಡಲು ಕೆಲವೇ ನಿಮಿಷ ಸಾಕು.

ಎರಡನೆಯದು ಥರ್ಮೋಕಪಲ್‌ನ ತಡ. ಕವಚವಿರುವ ಥರ್ಮೋಕಪಲ್ ರಂಧ್ರದಲ್ಲಿ ಸಡಿಲವಾಗಿದ್ದರೆ ಮಧ್ಯದ ಗಾಳಿ ಶಾಖವನ್ನು ತಡೆಯುತ್ತದೆ. ಕಾಲಸ್ಥಿರಾಂಕ 0.1 ಸೆಕೆಂಡ್ ಇದ್ದು ಲೋಹ ಸೆಕೆಂಡಿಗೆ 100 ಡಿಗ್ರಿ ತಣಿಯುತ್ತಿದ್ದರೆ ತೋರುವ ತಾಪಮಾನ ನಿಜಕ್ಕಿಂತ 10 ಡಿಗ್ರಿ ಹೆಚ್ಚಿರುತ್ತದೆ. ಲೆಕ್ಕದ ಕಣ್ಣಿಗೆ ಇದು ಆಳ ಹೆಚ್ಚಿದಂತೆಯೇ ಕಾಣುವುದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ತಂತಿಗಳು ಬಿಸಿಯ ಇಳಿಜಾರಿನ ಉದ್ದಕ್ಕೆ ಹೊರಬಂದರೆ ಅವೇ ಶಾಖವನ್ನು ಸಾಗಿಸುತ್ತವೆ. ಆದ್ದರಿಂದ ಸಿಲಿಂಡರಿನಲ್ಲಿ ರಂಧ್ರವನ್ನು ಪಕ್ಕದಿಂದ ಕೊರೆಯದೆ ಅಕ್ಷಕ್ಕೆ ಸಮಾನಾಂತರವಾಗಿ ಮೇಲಿನಿಂದ ಕೊರೆಯುತ್ತಾರೆ.

ಮೂರನೆಯದು ವಸ್ತುವಿನ ಗುಣಗಳು. 304 ಸ್ಟೇನ್‌ಲೆಸ್ ಸ್ಟೀಲಿನ ವಾಹಕತೆ 300 ಕೆಲ್ವಿನ್‌ನಲ್ಲಿ ಸುಮಾರು 15, 1000 ಕೆಲ್ವಿನ್‌ನಲ್ಲಿ ಸುಮಾರು 25. ಒಂದೇ ಸ್ಥಿರಾಂಕ ಹಾಕಿ 850 ಡಿಗ್ರಿಯಿಂದ ಕೆಳಗಿಳಿಯುವವರು ಶಿಖರದ ಎತ್ತರದ ಬಗ್ಗೆ ಚರ್ಚೆಗೆ ಇಳಿಯಬಾರದು. ಸಾದಾ ಇಂಗಾಲದ ಉಕ್ಕಾದರೆ ಇನ್ನೂ ಒಂದು ತೊಡಕು: ತಣಿಯುವಾಗ ಆಸ್ಟೆನೈಟ್ (ಉಕ್ಕು ಕೆಂಪಗೆ ಕಾದಾಗಿನ ಸ್ಫಟಿಕ ರೂಪ) ರೂಪಾಂತರಗೊಂಡು ಶಾಖ ಬಿಡುಗಡೆ ಮಾಡುತ್ತದೆ. ಅದನ್ನು ಮಾದರಿಯಲ್ಲಿ ಸೇರಿಸದಿದ್ದರೆ ಲೋಹದೊಳಗಿನ ಘಟನೆಯನ್ನು ಲೆಕ್ಕ ಮೇಲ್ಮೈಯ ಪ್ರವಾಹದ ತಗ್ಗು ಎಂದು ಓದುತ್ತದೆ. ಅಳತೆಯ ಕಡ್ಡಿಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಅಥವಾ ನಿಕ್ಕಲ್ ಮಿಶ್ರಲೋಹವಾದ ಇಂಕೊನೆಲ್‌ನಿಂದ ಮಾಡುವುದು ಇದಕ್ಕೇ.

ಶಕ್ತಿಯ ಲೆಕ್ಕವೂ ಇಲ್ಲೇ ಬರುತ್ತದೆ, ಆದರೆ ಅದರ ಮಿತಿ ತಿಳಿದಿರಲಿ. ಪ್ರವಾಹವನ್ನು ಕಾಲದ ಮೇಲೆ ಕೂಡಿದರೆ ಲೋಹ ಕಳೆದುಕೊಂಡ ಒಟ್ಟು ಶಾಖ ಬರಬೇಕು. ನಮ್ಮ ಸಿಲಿಂಡರಿನ ಪಕ್ಕದ ಮೇಲ್ಮೈಗೆ ಅದು ಚದರ ಮೀಟರಿಗೆ ಸುಮಾರು 2.2 ಕೋಟಿ ಜೂಲ್. ಪ್ರೋಗ್ರಾಂನಲ್ಲಿರುವ ವಿಶಿಷ್ಟ ಶಾಖವನ್ನೇ ಎರಡೂ ಕಡೆ ಬಳಸಿದರೆ ಇದು ಪ್ರೋಗ್ರಾಂನ ಕೂಡು-ಕಳೆಯುವಿಕೆಯನ್ನು ಮಾತ್ರ ಪರೀಕ್ಷಿಸುತ್ತದೆ. ಆಳದ ತಪ್ಪಂತೂ ಇದರಲ್ಲಿ ಸಿಕ್ಕಿಬೀಳುವುದೇ ಇಲ್ಲ, ಏಕೆಂದರೆ ಕೊನೆಗೆ ಇಡೀ ಲೋಹ ಒಂದೇ ತಾಪಮಾನಕ್ಕೆ ಬರುತ್ತದೆ. ಹೊರಗಿನ ಸಾಕ್ಷಿ ಬೇಕಿದ್ದರೆ ನೀರನ್ನು ಕೇಳಿ: ಈ ಸಿಲಿಂಡರ್ 800 ಡಿಗ್ರಿ ಇಳಿದಾಗ ಬಿಡುವ ಸುಮಾರು 174 ಕಿಲೋಜೂಲ್, 10 ಲೀಟರ್ ನೀರನ್ನು ಹೆಚ್ಚುಕಡಿಮೆ 4 ಡಿಗ್ರಿ ಬಿಸಿ ಮಾಡಬೇಕು. ಉಗಿಯಾಗಿ ಹೋದದ್ದನ್ನು ಬಿಟ್ಟರೂ ಸಂಖ್ಯೆ ಅರ್ಧಕ್ಕರ್ಧ ತಪ್ಪಿದ್ದರೆ ಏನೋ ದೊಡ್ಡ ಎಡವಟ್ಟಿದೆ.

ಇನ್ನು ಏಕಆಯಾಮದ ಊಹೆ. ನೀರಿನಲ್ಲಿ ಮುಳುಗಿದ ಕಡ್ಡಿಯನ್ನು ಮೊದಲು ಉಗಿಯ ಪೊರೆ ಸುತ್ತಿಕೊಂಡಿರುತ್ತದೆ. ಅದು ಒಮ್ಮೆಗೇ ಒಡೆಯುವುದಿಲ್ಲ. ಸಾಮಾನ್ಯವಾಗಿ ಕೆಳತುದಿಯಲ್ಲಿ ಒಡೆದು, ತೇವದ ಅಂಚು ಮೇಲಕ್ಕೆ ಏರುತ್ತದೆ. ಆ ಅಂಚು ಥರ್ಮೋಕಪಲ್ ಇರುವ ಮಟ್ಟವನ್ನು ದಾಟುವಾಗ ಶಾಖ ಉದ್ದಕ್ಕೂ ಹರಿಯುತ್ತದೆ, ತ್ರಿಜ್ಯದ ದಿಕ್ಕಿನ ಲೆಕ್ಕ ಆಗ ಮೋಸ ಹೋಗುತ್ತದೆ. ಪೊರೆ ಒಡೆಯುವ ಮೊದಲೇ ಪ್ರವಾಹ ಮೆಲ್ಲಗೆ ಏರತೊಡಗಿದ್ದರೆ ಇದನ್ನು ನೆನಪಿಸಿಕೊಳ್ಳಿ. ಇದಕ್ಕೆ ಎರಡು ಆಯಾಮದ ಮಾದರಿ, ಬೇರೆ ಬೇರೆ ಎತ್ತರದಲ್ಲಿ ಥರ್ಮೋಕಪಲ್‌ಗಳು ಬೇಕು, ಅಡ್ಡದಾರಿ ಇಲ್ಲ.

ನಡುವಿನ ಒಂದೇ ಥರ್ಮೋಕಪಲ್‌ನಿಂದ ಎಲ್ಲವನ್ನೂ ತೆಗೆಯುತ್ತೇವೆ ಎನ್ನುವವರಿಗೆ ಒಂದು ಮಾತು. ತಣಿಸುವ ಎಣ್ಣೆಗಳ ಪರೀಕ್ಷೆಗಾಗಿರುವ ಐಎಸ್‌ಒ 9950ರ ಇಂಕೊನೆಲ್ 600 ಕಡ್ಡಿಯ ವ್ಯಾಸ 12.5 ಮಿಲಿಮೀಟರ್, ಥರ್ಮೋಕಪಲ್ ಇರುವುದು ನಟ್ಟನಡುವೆ. ತ್ರಿಜ್ಯದ ವರ್ಗವನ್ನು ವಿಸರಣಾಂಕದಿಂದ ಭಾಗಿಸಿದರೆ ಸುಮಾರು 10 ಸೆಕೆಂಡ್ ಬರುತ್ತದೆ. ಎರಡು ಎಣ್ಣೆಗಳ ತಣಿಯುವ ರೇಖೆಗಳನ್ನು ಹೋಲಿಸಲು ಅದು ಸೊಗಸಾದ ಸಾಧನ. ಮೇಲ್ಮೈಯಲ್ಲಿ ಅರ್ಧ ಸೆಕೆಂಡಿನಲ್ಲಿ ಮುಗಿದುಹೋಗುವ ಘಟನೆಯನ್ನು ಅದರಿಂದ ಹೆಕ್ಕಿ ತೆಗೆಯುವೆನೆಂದರೆ ನಾನು ನಂಬುವುದಿಲ್ಲ.

ಮುಳುಗಿಸುವ ಮೊದಲೇ ಪ್ರವಾಹ ಶುರುವಾಗಿದೆ

ಮುಂದಿನ ಹೆಜ್ಜೆಗಳನ್ನು ಇಣುಕುವ ವಿಧಾನ ಬಳಸಿದ್ದರೆ ಇದು ಸಹಜ. ಇಣುಕುವ ಅವಧಿಯಷ್ಟೇ ಮೊದಲು ರೇಖೆ ಅಲುಗುತ್ತದೆ. ಅದಕ್ಕಿಂತ ಬಹಳ ಮೊದಲು ಅಲುಗಿದರೆ, ಕುಲುಮೆಯಿಂದ ತೊಟ್ಟಿಗೆ ಸಾಗಿಸುವಾಗ ಗಾಳಿಗೆ ತಣಿದದ್ದೂ ಇರಬಹುದು, ಅದು ನಿಜವಾದ ಪ್ರವಾಹ. ಲೆಕ್ಕದ ಆರಂಭಿಕ ತಾಪಮಾನ ಎಲ್ಲೆಡೆ ಒಂದೇ ಎಂದು ಮುಳುಗಿದ ಕ್ಷಣದಿಂದ ಶುರುಮಾಡುವ ಬದಲು, ಕಡ್ಡಿ ಇನ್ನೂ ಕುಲುಮೆಯೊಳಗಿದ್ದಾಗಿನಿಂದ ಶುರುಮಾಡಿದರೆ ಈ ಗೊಂದಲ ತಪ್ಪುತ್ತದೆ.

ನಿಧಾನದ ಅಲೆಯೊಂದು ಇಡೀ ರೇಖೆಯ ಮೇಲೆ ಸವಾರಿ ಮಾಡುತ್ತಿದೆ

ಇದು ಗಣಿತದ್ದಲ್ಲ, ಬಹುಪಾಲು ಕರೆಂಟಿನದು. ನಮ್ಮ ವಿದ್ಯುತ್ ಜಾಲದ ಆವರ್ತನ 50 ಹರ್ಟ್ಸ್ ಆಸುಪಾಸಿನಲ್ಲಿ ಸದಾ ಅಲುಗಾಡುತ್ತಿರುತ್ತದೆ. ಸೆಕೆಂಡಿಗೆ 10 ಬಾರಿ ದಾಖಲಿಸುವ ಲಾಗರ್‌ನಲ್ಲಿ ಶೋಧಕವಿಲ್ಲದಿದ್ದರೆ, 49.95 ಹರ್ಟ್ಸ್‌ನ ಗುಂಯ್‌ಗುಡುವಿಕೆ 20 ಸೆಕೆಂಡಿಗೊಮ್ಮೆ ಏರಿಳಿಯುವ ಅಲೆಯಾಗಿ ವೇಷ ಬದಲಿಸಿ ಬರುತ್ತದೆ. ಒಮ್ಮೆ ದಾಖಲಾದ ಮೇಲೆ ಯಾವ ರೆಗ್ಯುಲರೈಸೇಶನ್ನೂ ಅದನ್ನು ತೆಗೆಯಲಾರದು, ಏಕೆಂದರೆ ಅದು ನಿಜವಾದ ತಾಪಮಾನದಷ್ಟೇ ನಿಧಾನ. ಕುಲುಮೆಯ ಹೀಟರ್ ಆರಿಸಿ ಮತ್ತೆ ದಾಖಲಿಸಿ. ಅಲೆ ಹೋದರೆ ಕಳ್ಳ ಸಿಕ್ಕಂತೆ. ಥರ್ಮೋಕಪಲ್‌ನ ಬೆಸುಗೆ ಕವಚಕ್ಕೆ ತಾಗಿರುವ ಮಾದರಿಯಾಗಿದ್ದರೆ ತೊಟ್ಟಿಯ ಮೂಲಕ ಅರ್ಥಿಂಗ್ ಕುಣಿಕೆ (ಎರಡು ಕಡೆ ಅರ್ಥ್ ಆಗಿ ಕರೆಂಟು ಸುತ್ತುವ ದಾರಿ) ಆಗಿರುವ ಸಾಧ್ಯತೆಯನ್ನೂ ನೋಡಿ.

ಲಾಗರ್‌ನ ಮೆಟ್ಟಿಲುಗಳನ್ನೂ ಇದೇ ಹೊತ್ತಿಗೆ ಗಮನಿಸಿ. ಕೆ ಮಾದರಿಯಲ್ಲಿ 1 ಡಿಗ್ರಿಗೆ ಸಿಗುವುದು ಸುಮಾರು 41 ಮೈಕ್ರೊವೋಲ್ಟ್. 16 ಬಿಟ್‌ನ ಕಾರ್ಡನ್ನು ಧನ-ಋಣ 10 ವೋಲ್ಟ್ ವ್ಯಾಪ್ತಿಯಲ್ಲಿ ವರ್ಧಕವಿಲ್ಲದೆ ಬಳಸಿದರೆ ಒಂದು ಮೆಟ್ಟಿಲು 305 ಮೈಕ್ರೊವೋಲ್ಟ್, ಅಂದರೆ 7 ಡಿಗ್ರಿಗೂ ಹೆಚ್ಚು. ಅಂಥ ದಾಖಲೆಗೆ ವಿಲೋಮದ ಲೆಕ್ಕ ಹಚ್ಚುವುದೇ ವ್ಯರ್ಥ. ವಿಚಿತ್ರವೆಂದರೆ ಥರ್ಮೋಕಪಲ್ ಎಲ್ಲ ತಾಪಮಾನದಲ್ಲೂ ಒಂದೇ ಸಮನೆ 2 ಡಿಗ್ರಿ ಕಡಿಮೆ ತೋರಿಸಿದರೆ ಪ್ರವಾಹಕ್ಕೆ ಅಷ್ಟೇನೂ ತೊಂದರೆಯಿಲ್ಲ. ಪ್ರವಾಹ ಬದಲಾವಣೆಯನ್ನು ನೋಡುತ್ತದೆ, ಮಟ್ಟವನ್ನಲ್ಲ. ದುಬಾರಿ ಕ್ಯಾಲಿಬ್ರೇಶನ್‌ಗೆ ಹಣ ಸುರಿಯುವವರು ಸಾಮಾನ್ಯವಾಗಿ ರಂಧ್ರದ ಆಳವನ್ನು ಅಳೆದಿರುವುದಿಲ್ಲ.

ದಾಖಲೆಯನ್ನು ಮೊದಲೇ ಸೋಸಿ ಕೊಡುವ ಅಭ್ಯಾಸವಿದ್ದರೆ, ಹಿಂದಿನ ಮೌಲ್ಯಗಳ ಸರಾಸರಿ ತೆಗೆಯುವ ಶೋಧಕ ಶಿಖರವನ್ನು ತಡಮಾಡುತ್ತದೆ ಎಂಬುದು ನೆನಪಿರಲಿ. ಮುಂದಿನಿಂದಲೂ ಹಿಂದಿನಿಂದಲೂ ಎರಡು ಸಲ ಸೋಸಿದರೆ ತಡ ರದ್ದಾಗುತ್ತದೆ. ಸೋಸಿದ ಮೇಲೆ ಗದ್ದಲದ ಮಟ್ಟವನ್ನು ಹೊಸದಾಗಿ ಅಳೆಯದೆ ಮೊರೊಜೊವ್ ನಿಯಮ ಹಚ್ಚಬೇಡಿ.

ಕೊನೆಯ ಕೆಲವು ಸೆಕೆಂಡುಗಳು ಮಾತ್ರ ಕೆಟ್ಟಿವೆ

ಮಾಸ್ಕೋದಲ್ಲಿ ಅಲಿಫಾನೋವ್ ಮತ್ತು ಸಹೋದ್ಯೋಗಿಗಳು ಬೆಳೆಸಿದ ಪುನರಾವರ್ತನೆಯ ವಿಧಾನದಲ್ಲಿ ಇಡೀ ಪ್ರವಾಹವನ್ನು, ಶೇಷವನ್ನು ಹಂತಹಂತವಾಗಿ ತಗ್ಗಿಸುವ ಕಾಂಜುಗೇಟ್ ಗ್ರೇಡಿಯಂಟ್‌ನಿಂದ ಸುತ್ತು ಸುತ್ತಾಗಿ ತಿದ್ದುತ್ತಾರೆ. ಸುತ್ತುಗಳನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದೇ ಅಲ್ಲಿ ರೆಗ್ಯುಲರೈಸೇಶನ್. ತಿದ್ದುಪಡಿಯ ದಿಕ್ಕನ್ನು ಕೊಡುವ ಅಡ್ಜಾಯಿಂಟ್ ಸಮೀಕರಣ ಕಾಲದಲ್ಲಿ ಹಿಂದಕ್ಕೆ ಓಡುವಾಗ ಕೊನೆಯ ಕ್ಷಣದಲ್ಲಿ ಸೊನ್ನೆಯಿಂದ ಆರಂಭವಾಗುತ್ತದೆ. ಹಾಗಾಗಿ ಅಲ್ಲಿ ತಿದ್ದುಪಡಿಯೂ ಸೊನ್ನೆ, ಪ್ರವಾಹ ನೀವು ಕೊಟ್ಟ ಆರಂಭಿಕ ಊಹೆಯಲ್ಲೇ ಕುಳಿತಿರುತ್ತದೆ. ಊಹೆ ಬದಲಿಸಿ ಓಡಿಸಿ. ಬಾಲವೂ ಜೊತೆಗೇ ಬದಲಾದರೆ ರೋಗ ಇದೇ. ಬೇಕಾದ ಅವಧಿಗಿಂತ ಕೆಲವು ಸೆಕೆಂಡು ಹೆಚ್ಚು ದಾಖಲಿಸಿ ಆ ಬಾಲವನ್ನು ಕತ್ತರಿಸಿ ಎಸೆಯುವುದು ಅತಿ ಸರಳ ಮದ್ದು. ಬೆಕ್ ವಿಧಾನದಲ್ಲೂ ಇಣುಕಲು ಮುಂದೆ ಅಳತೆಗಳಿಲ್ಲದ ಕೊನೆಯ ಹೆಜ್ಜೆಗಳನ್ನು ಕೈಬಿಡಲೇಬೇಕು.

ಪ್ರವಾಹ ಚೆನ್ನಾಗಿದ್ದು ಶಾಖ ವರ್ಗಾವಣಾಂಕ ಮಾತ್ರ ಕೊನೆಯಲ್ಲಿ ಆಕಾಶಕ್ಕೆ ಹಾರಿದ್ದರೆ ವಿಲೋಮದ ಲೆಕ್ಕವನ್ನು ಮುಟ್ಟಬೇಡಿ. ಪ್ರವಾಹವನ್ನು ಮೇಲ್ಮೈ ಮತ್ತು ದ್ರವದ ತಾಪಮಾನದ ಅಂತರದಿಂದ ಭಾಗಿಸುತ್ತಿದ್ದೀರಿ, ಆ ಅಂತರ 3 ಡಿಗ್ರಿಗೆ ಇಳಿದಾಗ 2 ಡಿಗ್ರಿಯ ತಪ್ಪು ಉತ್ತರವನ್ನು 3 ಪಟ್ಟು ಮಾಡುತ್ತದೆ. ಪ್ರವಾಹಕ್ಕೆ ತೊಂದರೆ ಕೊಡದಿದ್ದ ಥರ್ಮೋಕಪಲ್‌ನ ಆ ಒಂದೇ ಸಮನಾದ ದೋಷ ಇಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ತೊಟ್ಟಿಯ ನೀರು ಬಿಸಿಯಾದದ್ದನ್ನು ಲೆಕ್ಕಕ್ಕೆ ಸೇರಿಸಿ, ಅಂತರ 20 ಡಿಗ್ರಿಗಿಂತ ಕೆಳಗಿಳಿದ ಮೇಲಿನ ಭಾಗವನ್ನು ರೇಖಾಚಿತ್ರದಿಂದ ತೆಗೆದುಬಿಡಿ.